ಒರೆಸಿದ ಹಳದಿ

ಇವತ್ತು ಹೋದ ಕೂಡಲೇ ತೆಗೆದುಬಿಡಬೇಕು ಎಂದು ಸರಳಾ ಯಲಹಂಕದಲ್ಲಿ ಬಸ್ಸು ಹತ್ತುವಾಗಲೇ ಅಂದುಕೊಂಡಿದ್ದಳು. ನಿನ್ನೆಯೂ ಹೀಗೇ ಅಂದುಕೊಂಡಿದ್ದಳು, ಮೊನ್ನೆಯೂ. ತೆಗೆಯುವುದೇನು ದೊಡ್ಡ ಕೆಲಸವಲ್ಲ. ಮೌಸಿನಿಂದ ಚಿತ್ರವನ್ನು ಮುಟ್ಟಿ ಒಂದು ಕೀ ಒತ್ತಿದರೆ ಗೋಡೆ ಬರಿದಾಗುತ್ತದೆ. ಆದರೆ ಒತ್ತಬೇಕಾದ ಬೆರಳಿಗೆ ಪ್ರತಿ ಸಾಯಂಕಾಲವೂ ಬೇರೇನೋ ಕೆಲಸ ನೆನಪಾಗುತ್ತಿತ್ತು. ಹೆಬ್ಬಾಳದ ಮೇಲ್ಸೇತುವೆಗೆ ಮುಂಚೆ ಬಸ್ಸು ಎಂದಿನಂತೆ ನಿಂತಿತು. ಪಕ್ಕದಲ್ಲಿ, ವಿಮಾನ ನಿಲ್ದಾಣದ ಕಡೆಯಿಂದ ಬಂದ ಟ್ಯಾಕ್ಸಿಯೊಳಗೆ ಒಬ್ಬ ಗಂಡಸು ಬಾಯಿ ತೆರೆದು ನಿದ್ದೆ ಹೋಗಿದ್ದ. ಟೈ ಒಂದು ಕಡೆಗೆ ಜಾರಿತ್ತು. ತಾನು ನೋಡುತ್ತಿರುವುದು ಅವನಿಗೆ ಗೊತ್ತಿಲ್ಲವಲ್ಲ ಎಂದು ಅವಳಿಗೇ ನಾಚಿಕೆಯಾಗಿ ಮುಖ ತಿರುಗಿಸಿದಳು. ಜನರನ್ನು ಅವರಿಗೆ ಗೊತ್ತಾಗದಂತೆ ನೋಡುವುದು ಈ ಕೆಲಸಕ್ಕೆ ಸೇರಿದ ಮೇಲೆ ಅಂಟಿಕೊಂಡ ಚಾಳಿ.

ಸಂಜಯನಗರದಲ್ಲಿ, ಕಿಟಕಿ ಪರದೆಯ ಬಟ್ಟೆ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ನಿರಂಜನನ ಆಫೀಸು. ಅಲ್ಲಿ ಅವರು ಇಲ್ಲದ ಕೋಣೆಗಳನ್ನು ಕಟ್ಟುತ್ತಿದ್ದರು. ಕಲಾವಿದರ ಚಿತ್ರಗಳ ಫೋಟೋ ತೆಗೆದು, ಕಂಪ್ಯೂಟರಿನೊಳಗೆ ಗೋಡೆ, ನೆಲ, ಸೂರು, ಕಿಟಕಿ, ಕಿಟಕಿಯಾಚೆ ಒಂದಿಷ್ಟು ಆಕಾಶ ಮಾಡಿ, ಆ ಗೋಡೆಗಳಿಗೆ ಚಿತ್ರಗಳನ್ನು ತೂಗುಹಾಕುವುದು. ಬಂದವರು ಹೆಡ್‌ಸೆಟ್ಟನ್ನು ಕಣ್ಣಿಗೆ ಬಿಗಿದುಕೊಂಡರೆ ಆ ಕೋಣೆಯ ನಡುವೆ ನಿಂತಿರುತ್ತಾರೆ. ತಲೆ ತಿರುಗಿಸಿದರೆ ಕೋಣೆ ತಿರುಗುತ್ತದೆ, ಹೆಜ್ಜೆಯಿಟ್ಟರೆ ಗೋಡೆ ಹತ್ತಿರ ಬರುತ್ತದೆ. ಅವರು ಏನನ್ನು ನೋಡುತ್ತಾರೋ ಅದು ಸರಳಾಳ ಮೇಜಿನ ಮೇಲಿನ ಮಾನಿಟರಿನಲ್ಲೂ ಕಾಣುತ್ತದೆ. ಜನ ಚಿತ್ರಗಳನ್ನು ನೋಡುವುದಿಲ್ಲ ಎಂದು ಅವಳಿಗೆ ಗೊತ್ತಾದದ್ದು ಹೀಗೆ. ಕಣ್ಣು ಚಿತ್ರಕ್ಕೆ ತಾಗಿದಂತೆ ಮಾಡಿ ಪಕ್ಕದ ಹೆಸರಿನ ಚೀಟಿಗೆ ಹೋಗುತ್ತದೆ, ಚೀಟಿಯಿಂದ ಸೂರಿಗೆ ಹಾರುತ್ತದೆ. ಬಾಯಿ ಮಾತ್ರ ಆಹಾ ಎನ್ನುತ್ತಿರುತ್ತದೆ. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಒಂದು ಥರದ ಸಮಾಧಾನ ಬಂತು. ಎಲ್ಲರ ಚಿತ್ರಕ್ಕೂ ಇದೇ ಗತಿ ಎಂದಾದರೆ, ಚಿತ್ರ ಬರೆಯುವುದನ್ನು ಬಿಟ್ಟದ್ದರಿಂದ ತಾನು ಕಳೆದುಕೊಂಡದ್ದೇನೂ ಇಲ್ಲ.

ಫೋನು ಬಡಿದುಕೊಂಡಿತು. ನಿರಂಜನ.

"ಸರಳಾ, ಎಲ್ಲಿದೀರಾ?"

"ಹೆಬ್ಬಾಳ."

"ಬಾಲರಾಜ್ ಸರ್ ನಾಳೆ ಅಲ್ಲ, ಇವತ್ತೇ ಬರ್ತಿದಾರೆ. ಅವ್ರ ಅಕ್ಕನ್ನೂ ಕರ್ಕೊಂಡು. ಜಕ್ಕೂರು ಬಿಟ್ಟಾಯ್ತಂತೆ. ಸ್ವಲ್ಪ ಆಟೋ ಹಿಡಿದು ಬನ್ನಿ, ಪ್ಲೀಸ್."

"ಬಸ್ಸಲ್ಲಿದೀನಿ ನಿರಂಜನ್. ಟ್ರಾಫಿಕ್ಕು ಅಲ್ಲಾಡ್ತಿಲ್ಲ."

"ಹಾರ್ಕೊಂಡು ಬನ್ನಿ ಹಾಗಾದ್ರೆ," ಎಂದು ನಕ್ಕು ಇಟ್ಟುಬಿಟ್ಟ. ಅವನು ನಕ್ಕಾಗಲೆಲ್ಲ ತನ್ನ ವಯಸ್ಸಿನ ಬಗ್ಗೆಯೇ ನಕ್ಕ ಎಂದು ಅವಳಿಗೆ ಅನ್ನಿಸುತ್ತಿತ್ತು. ಈಗ ಅವರಿಗಿಂತ ಮುಂಚೆ ತಲುಪಲೇಬೇಕು. ತಲುಪಿ ಆ ಕೀ ಒತ್ತಲೇಬೇಕು. ಮುಂದಿನ ಲಾರಿಯ ಹಿಂಬದಿಯಲ್ಲಿ ಬಿಡಿಸಿದ್ದ ಕಮಲದ ಒಂದು ದಳಕ್ಕೆ ಬಣ್ಣ ತುಂಬುವುದನ್ನು ಯಾರೋ ಮರೆತಿದ್ದರು.

ಆ ಚಿತ್ರ ಅಲ್ಲಿಗೆ ಬಂದದ್ದಾದರೂ ಹೇಗೆ? ಕೇಳಿದರೆ ಹೇಳಲು ಒಂದು ಉತ್ತರವನ್ನು ಅವಳು ಸಿದ್ಧ ಮಾಡಿಟ್ಟುಕೊಂಡಿದ್ದಳು, ಅದು ಸುಳ್ಳೂ ಅಲ್ಲ. ಆ ಕೋಣೆಗಳಲ್ಲಿ ಬೆಳಕು ತಾನಾಗಿ ಬೀಳುವುದಿಲ್ಲ. ಯಾವ ದೀಪದ ಬೆಳಕು ಯಾವ ಗೋಡೆಗೆ ತಾಗುತ್ತದೆ, ಅಲ್ಲಿಂದ ಯಾವ ಬಣ್ಣ ಹೊತ್ತು ನೆಲಕ್ಕೆ ಇಳಿಯುತ್ತದೆ ಎಂಬುದನ್ನೆಲ್ಲ ಕಂಪ್ಯೂಟರು ಒಮ್ಮೆ ಲೆಕ್ಕ ಹಾಕಿ, ಗೋಡೆಗೂ ನೆಲಕ್ಕೂ ಕಾಯಂ ಆಗಿ ಬಳಿದುಬಿಡುತ್ತದೆ. ಬೇಕ್ ಮಾಡುವುದು ಎನ್ನುತ್ತಾರೆ ಅದಕ್ಕೆ. ಬೆಂದ ಮೇಲೆ ಬದಲಾಯಿಸಲು ಬರುವುದಿಲ್ಲ, ಮತ್ತೆ ಮೊದಲಿನಿಂದ ಬೇಯಿಸಬೇಕು. ಈ ಗ್ಯಾಲರಿ ಬಾಲರಾಜನ ಅಕ್ಕ, ಕಲಾವಿದೆ ರಾಧಾಮಣಿಯವರದು. ಅವರ ಕೊನೆಯ ಒಂದಷ್ಟು ಚಿತ್ರಗಳ ಫೋಟೋ ಇನ್ನೂ ತೆಗೆದಿರಲಿಲ್ಲ. ಗ್ಯಾಲರಿಯ ತುದಿಯಲ್ಲಿ ಒಂದು ಸಣ್ಣ ಮೂಲೆ, ಅಲ್ಲಿ ಬೆಳಕು ಹೇಗೆ ಬೀಳುತ್ತದೆ ಎಂದು ನೋಡಲು ಯಾವುದಾದರೂ ಒಂದು ಚಿತ್ರ ಬೇಕಿತ್ತು. ಅವಳ ಫೋನಿನಲ್ಲಿ ಒಂದಿತ್ತು. ಮನೆಗೆ ಸುಣ್ಣ ಹೊಡೆಸುವಾಗ ಅಮ್ಮನ ಬೀರುವನ್ನು ಸರಿಸಿದರೆ ಹಿಂದೆ, ಗೋಡೆಗೆ ಮುಖ ಮಾಡಿ, ಕಾಲೇಜಿನ ಕಾಲದ ಅವಳ ಒಂದು ಚಿತ್ರ ನಿಂತಿತ್ತು. ಅಮ್ಮ ಅದರ ಮೇಲಿನ ಜೇಡರ ಬಲೆ ಒರೆಸುತ್ತ "ಇದ್ನ ಇನ್ನೂ ಇಟ್ಕೋಬೇಕೇನೇ?" ಎಂದು ಕೇಳಿದ್ದಳು. ಇಟ್ಟುಕೊಳ್ಳಬೇಕೋ ಬೇಡವೋ ಹೇಳಲಾಗದೆ ಸರಳಾ ಒಂದು ಫೋಟೋ ತೆಗೆದುಕೊಂಡಿದ್ದಳು. ಅದನ್ನೇ ಹಾಕಿದಳು. ಪರೀಕ್ಷೆಗೆ. ಆಮೇಲೆ ರಾಧಾಮಣಿಯವರ ಚಿತ್ರಗಳೆಲ್ಲ ಬಂದವು, ಎಲ್ಲಕ್ಕೂ ಜಾಗ ಸಿಕ್ಕಿತು, ಆ ಮೂಲೆಯ ಚಿತ್ರ ಮಾತ್ರ ಅಲ್ಲೇ ಉಳಿಯಿತು. ಬೆಳಕೂ ಬೆಂದಾಯಿತು. ಮರೆತೆ ಎಂದು ಹೇಳಬಹುದು. ಪ್ರತಿ ಸಾಯಂಕಾಲ ನೋಡುತ್ತಿದ್ದುದನ್ನು ಮರೆತೆ ಎನ್ನುವುದು ಹೇಗೆ ಎಂಬುದನ್ನು ಅವಳು ಯೋಚಿಸದೆ ಬಿಟ್ಟಿದ್ದಳು.

ರಾಧಾಮಣಿಯವರ ಚಿತ್ರಗಳ ಫೋಟೋ ತೆಗೆಯಲು ಅವಳು ಹುಣಸಮಾರನಹಳ್ಳಿಯ ಗೋಡೌನಿಗೆ ಹೋಗಿದ್ದಳು. ಅವರ ತಮ್ಮ ಬಾಲರಾಜ್ ಬಿಲ್ಡರ್. ಜಕ್ಕೂರಿನ ಅಕ್ಕನ ಮನೆಯನ್ನೂ ಅದರ ಹಿಂದಿನ ಚಿತ್ರದ ಶೆಡ್ಡನ್ನೂ ಸೇರಿಸಿ ಅಪಾರ್ಟ್‌ಮೆಂಟ್ ಎಬ್ಬಿಸುವಾಗ, ಕೆಳಗೊಂದು ಗ್ಯಾಲರಿ ಕಟ್ಟಿಸಿಕೊಡ್ತೀನಿ ಎಂದಿದ್ದನಂತೆ. ಗ್ಯಾಲರಿಯ ಜಾಗ ಕ್ಲಬ್ ಹೌಸ್ ಆಯಿತು, ಕ್ಲಬ್ ಹೌಸಿನ ಮೂಲೆಯಲ್ಲಿ ಒಂದು ಹೆಡ್‌ಸೆಟ್ ಇಡುವುದೆಂದಾಯಿತು. ನಿಜವಾದ ಚಿತ್ರಗಳು ಟೈಲ್ಸಿನ ಪೆಟ್ಟಿಗೆಗಳ ನಡುವೆ, ಹಳೇ ಕಾಟನ್ ಸೀರೆಗಳಲ್ಲಿ ಸುತ್ತಿಕೊಂಡು ನಿಂತಿದ್ದವು. ಒಂದೊಂದನ್ನೇ ಬಿಚ್ಚಿ, ಕ್ಯಾಮೆರಾದ ಕಣ್ಣಿಂದ ಅಂಗುಲ ಅಂಗುಲ ನೋಡುವಾಗ ಸರಳಾಳಿಗೆ ಅಸೂಯೆಯಾಗಲಿಲ್ಲ, ದಣಿವಾಯಿತು. ಎಷ್ಟು ಗಟ್ಟಿ ಕೈ. ಅದರಲ್ಲೂ ಆ ಹಳದಿ. ಯಾರನ್ನೂ ಕೇಳದೆ, ಹಿಂದುಮುಂದು ನೋಡದೆ ಹಾಕಿದ ಹಳದಿ. ಸಂಜೆ ಬಸ್ಸಿನಲ್ಲಿ ಬರುವಾಗ ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಅದೇ. ಬೀರುವಿನ ಹಿಂದೆ ಸಿಕ್ಕಿದ ಆ ಚಿತ್ರದಲ್ಲಿ, ಕಾಲೇಜಿನಲ್ಲಿದ್ದಾಗ, ಅವಳೂ ಅಂಥದೇ ಹಳದಿ ಹಾಕಿದ್ದಳು. ಮೇಷ್ಟ್ರು ಅವಳ ಹೆಗಲ ಹಿಂದೆ ನಿಂತು "ಏನ್ರೀ ಇದು, ಕಿರಚ್ತಾ ಇದೆಯಲ್ಲ" ಎಂದಿದ್ದರು, ಇಡೀ ತರಗತಿ ನಕ್ಕಿತ್ತು. ಅವಳು ಅಂದೇ ಕಂದು ಬಣ್ಣದಲ್ಲಿ ಬಟ್ಟೆ ಅದ್ದಿ ಒರೆಸಿ, ಆ ಹಳದಿಯ ಬಾಯಿ ಮುಚ್ಚಿಸಿದ್ದಳು. ಆ ವರ್ಷದ ಕೊನೆಗೆ ಕಾಲೇಜಿನ ಪ್ರದರ್ಶನ. ಮುಖ್ಯ ಅತಿಥಿ ರಾಧಾಮಣಿ. ತನ್ನ ಚಿತ್ರದ ಪಕ್ಕದಲ್ಲಿ ಇಸ್ತ್ರಿ ಮಾಡಿದ ಸೀರೆಯಲ್ಲಿ ಸರಳಾ ನಿಂತಿದ್ದಳು. ರಾಧಾಮಣಿ ಒಂದೊಂದೇ ಚಿತ್ರ ದಾಟುತ್ತ ಬಂದರು, ಅವಳ ಮುಂದೆ ನಿಂತರು, ನೇರ ಅವಳ ಮುಖವನ್ನೇ ನೋಡಿದರು. ಹೇಳಬೇಕೆಂದಿದ್ದ ವಾಕ್ಯ ಸರಳಾಳ ನಾಲಿಗೆಯ ತುದಿಗೆ ಬಂತು. "ಇಲ್ಲಿ ಬಾತ್ರೂಮ್ ಎಲ್ಲಿದೆಯಮ್ಮಾ?" ಎಂದರು ರಾಧಾಮಣಿ, ದನಿ ತಗ್ಗಿಸಿ. ಅವಳು ಕರೆದುಕೊಂಡು ಹೋದಳು. ಬಾಗಿಲ ಹೊರಗೆ ಅವರ ಕೈಚೀಲ ಹಿಡಿದು ನಿಂತಿದ್ದಳು. ಒಳಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಚಿತ್ರ ಬಿಟ್ಟದ್ದು ಅದಕ್ಕಲ್ಲ. ಅದಕ್ಕೇ ಎಂದು ಹೇಳಿಕೊಂಡರೆ ಕತೆ ಚೆನ್ನಾಗಿರುತ್ತದೆ, ಅಷ್ಟೆ. ಬಿಟ್ಟದ್ದು ಹಾಗೆಯೇ, ಒಂದು ದಿನ ಬ್ರಷ್ಷು ತೊಳೆಯುವುದು ನಾಳೆಗೆ ಉಳಿಯಿತು, ಬ್ರಷ್ಷು ಒಣಗಿ ಕಡ್ಡಿಯಾಯಿತು.

ಅವಳು ಮೆಟ್ಟಿಲು ಹತ್ತುವಾಗಲೇ ಮೇಲೆ ಬಾಲರಾಜನ ದನಿ ಕೇಳಿಸಿತು. ತಡವಾಗಿತ್ತು. ಅವನು ಆಗಲೇ ಹೆಡ್‌ಸೆಟ್ ಕಟ್ಟಿಕೊಂಡು ಕೋಣೆಯ ನಡುವೆ ಕೈ ಚಾಚಿಕೊಂಡು ನಿಂತಿದ್ದ.

"ಏನ್ ಗುರು ಇದು, ಕುದ್ರೇಗೆ ಕಣ್ಪಟ್ಟಿ ಕಟ್ದಂಗೆ! ಒಳಗಡೆ ಎಷ್ಟ್ ಸ್ಕ್ವೇರ್ ಫೀಟ್ ಬತ್ತದೆ?"

"ಎಷ್ಟು ಬೇಕಾದ್ರೂ ಸರ್," ಎಂದ ನಿರಂಜನ.

"ಕಾರ್ಪೊರೇಷನ್‌ನೋರ್ಗೆ ಏಳ್ಬೇಡ ಮಾರಾಯ, ಇದುಕ್ಕೂ ಟ್ಯಾಕ್ಸ್ ಆಕ್ತಾರೆ!" ಅವನ ಕಣ್ಣು ಒಂದು ಚಿತ್ರದ ಮೇಲೂ ನಿಂತಿರಲಿಲ್ಲ. ಮಾನಿಟರಿನಲ್ಲಿ ಸೂರು, ಸೂರಿನ ಅಂಚು, ಕಿಟಕಿಯ ಚೌಕಟ್ಟು. "ಫಾಲ್ಸ್ ಸೀಲಿಂಗ್ ಚೆನ್ನಾಗಿ ಕೂಡ್ಸಿದೀರ. ಅಕ್ಕ, ನಿನ್ ಹಳೇ ಶೆಡ್ಡು ಇದ್ರ ಮುಂದೆ ಯಾವ್ ಲೆಕ್ಕ?"

"ಶೆಡ್ಡಲ್ಲಿ ಗಾಳಿ ಬರ್ತಿತ್ತು ಕಣೋ," ಎಂದರು ರಾಧಾಮಣಿ.

ಅವರು ಗೋಡೆ ಪಕ್ಕದ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಸರಳಾಳನ್ನು ನೋಡಿ, ಯಾರನ್ನು ನೋಡಿದರೂ ನಗುವಂತೆ ನಕ್ಕರು. ನೆನಪಿಲ್ಲ. ಇರಬೇಕೆಂದು ಯಾಕೆ ಅಂದುಕೊಳ್ಳಬೇಕು? ಸರಳಾ ನಮಸ್ಕರಿಸಿ ಮೇಜಿಗೆ ಹೋಗಿ ಕೂತಳು. ಕೈ ಮೌಸಿನ ಮೇಲಿತ್ತು. ಆದರೆ ಒಳಗೆ ಯಾರಾದರೂ ಇರುವಾಗ ಏನನ್ನಾದರೂ ತೆಗೆಯಬೇಕೆಂದರೆ ಇಡೀ ಕೋಣೆಯನ್ನೇ ನಿಲ್ಲಿಸಬೇಕು. ನಿರಂಜನ ಅವಳ ಬೆನ್ನ ಹಿಂದೆಯೇ ನಿಂತಿದ್ದ, ಅವನ ಪರ್ಫ್ಯೂಮಿನ ವಾಸನೆ ಕುತ್ತಿಗೆಗೆ ತಾಗುತ್ತಿತ್ತು. ಆ ಮೂಲೆಗೆ ರಾಧಾಮಣಿ ಹೋಗದೆಯೂ ಇರಬಹುದು, ಬಾಲರಾಜ ಹೋಗಿಲ್ಲ. ಹಾಗೆ ಸಮಾಧಾನ ಹೇಳಿಕೊಳ್ಳುತ್ತಿರುವಾಗಲೇ, ಅವರು ಹೋಗದಿದ್ದರೆ ತನಗೆ ಬೇಸರವಾಗುತ್ತದೆ ಎಂಬುದು ಗೊತ್ತಾಗಿ ಅವಳಿಗೆ ಭಯವಾಯಿತು.

ನೆಲಕ್ಕೆ ಅಂಟಿಸಿದ್ದ ಬಿಳಿ ಪಟ್ಟಿಯ ಹೊರಗೆ ರಾಧಾಮಣಿ ಚಪ್ಪಲಿ ಬಿಟ್ಟರು. "ಪರವಾಗಿಲ್ಲ ಮೇಡಂ, ಹಾಕ್ಕೊಂಡೇ ಬನ್ನಿ," ಎಂದ ನಿರಂಜನ. "ಒಳಗೆ ಹೋಗ್ಬೇಕಲ್ಲಪ್ಪ," ಎಂದರು ಅವರು. ಸರಳಾ ಎದ್ದು ಹೋಗಿ ಹೆಡ್‌ಸೆಟ್ಟಿನ ಪಟ್ಟಿಯನ್ನು ಆ ಬಿಳೀ ಕೂದಲಿನ ಮೇಲೆ ನಿಧಾನಕ್ಕೆ ಬಿಗಿದಳು. ಕೊಬ್ಬರಿ ಎಣ್ಣೆಯ ವಾಸನೆ.

ತಮ್ಮ ಚಿತ್ರಗಳ ಮುಂದೆ ರಾಧಾಮಣಿಯೂ ಎಲ್ಲರ ಹಾಗೆಯೇ ನಡೆದರು. ಹ್ಞೂಂ, ಹ್ಞೂಂ ಎನ್ನುತ್ತ, ಪರಿಚಿತರ ಮನೆಯ ಮುಂದೆ ಹಾದುಹೋಗುವಂತೆ. ಒಮ್ಮೆ ಕೈಚಾಚಿ ಒಂದು ಚಿತ್ರವನ್ನು ಮುಟ್ಟಲು ಹೋದರು, ಕೈ ಗಾಳಿಯಲ್ಲಿ ಉಳಿಯಿತು. "ಎಣ್ಣೆ ವಾಸ್ನೆ ಇಲ್ವಲ್ಲಮ್ಮ ಇವಕ್ಕೆ," ಎಂದರು. ಬಾಲರಾಜ ಗಡಿಯಾರ ನೋಡಿಕೊಂಡ. ಆಮೇಲೆ ಅವರು ತುದಿಗೆ ಬಂದರು, ತಿರುಗಿದರು, ನಿಂತರು.

ಮಾನಿಟರಿನಲ್ಲಿ ಅದು ತುಂಬಿಕೊಂಡಿತು: ಹೊಲದಂಚಿನ ಒಂದು ಸಿಮೆಂಟಿನ ತೊಟ್ಟಿ, ಅರ್ಧ ನೆರಳು ಬಿದ್ದ ನೀರು, ಹಿಂದೆ ದೂರದಲ್ಲಿ ಜಕ್ಕೂರಿನ ಏರೋಡ್ರೋಮಿನಲ್ಲಿ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ, ಕೆಳಗೆ ಮಂಕಾದ ನೆಲ. ಕಾಲೇಜಿನವರನ್ನೆಲ್ಲ ಒಂದು ದಿನ ಚಿತ್ರ ಬರೆಯಲು ಅಲ್ಲಿಗೆ ಕರೆದೊಯ್ದಿದ್ದರು. ಎಲ್ಲರೂ ವಿಮಾನ ಬರೆದರು, ಅವಳು ತೊಟ್ಟಿ ಬರೆದಳು. ನೋಟ ಅಲ್ಲಾಡಲಿಲ್ಲ. ನಿಧಾನವಾಗಿ ತೊಟ್ಟಿಯ ಅಂಚಿನ ಮೇಲೆ ನಡೆಯಿತು, ನೀರಿಗೆ ಇಳಿಯಿತು, ನೆರಳಿನ ಗೆರೆಯನ್ನು ಹಿಡಿದು ಹೋಗಿ ಕೆಳಗೆ ಬಂತು. ಅವಳು ಬಣ್ಣ ಹಚ್ಚಿದ್ದ ಕ್ರಮವೂ ಅದೇ. ಇಷ್ಟು ವರ್ಷ ಎಷ್ಟೋ ಜನರ ಕಣ್ಣನ್ನು ಅವಳು ಈ ಮಾನಿಟರಿನಲ್ಲಿ ಹಿಂಬಾಲಿಸಿದ್ದಳು, ಒಂದೂ ಹೀಗೆ ನಡೆದಿರಲಿಲ್ಲ.

"ಬಾಲು, ಇದು ನಮ್ ತೊಟ್ಟಿ ಅಲ್ವೇನೋ?"

ಬಾಲರಾಜ ಮಾನಿಟರಿಗೆ ಬಗ್ಗಿದ. "ಅಯ್ಯೋ ಊಂ ಕಣಕ್ಕ! ನಮ್ ತೊಟ್ಟೀನೇ! ಅಪ್ಪ ಸೊಂಟಕ್ಕೆ ಸೋರೆ ಬುರುಡೆ ಕಟ್ಟಿ ತಳ್ಳಿದ್ದು ಇದ್ರೊಳಕ್ಕೇ ಅಲ್ವಾ? ನಾನು ಈಜು ಕಲ್ತಿದ್ದು ಇಲ್ಲೇ. ಈಗ ಸ್ವಿಮ್ಮಿಂಗ್ ಪೂಲ್ ಬಂದಿರೋದು ಅದೇ ಜಾಗ್ದಲ್ಲಿ!" ಅವನ ದನಿ ಒಂದು ಗಳಿಗೆ ಬಿಲ್ಡರನ ದನಿಯಾಗಿರಲಿಲ್ಲ. ಮತ್ತೆ ಆಯಿತು. "ನಿರಂಜನ್, ಇದ್ನ ಲಾಬೀಲಿ ಗೋಡೆ ಪೂರ್ತಿ ಪ್ರಿಂಟ್ ಆಕ್ಸಣ. ಕೆಳಗಡೆ ಅಕ್ಕನ್ ಸೈನು, ದೊಡ್ಡದಾಗಿ."

"ಸೂಪರ್ ಸರ್," ಎಂದ ನಿರಂಜನ.

"ತಡಿಯೋ," ಎಂದರು ರಾಧಾಮಣಿ. "ಇದು ಯಾವಾಗ ಮಾಡಿದ್ನೋ, ನಂಗೇ ಮರ್ತುಹೋಗಿದೆ. ತೊಟ್ಟಿ ಅಂಚು ಚೆನ್ನಾಗಿ ಬಂದಿದೆ. ನೀರು ಪರವಾಗಿಲ್ಲ. ಇಲ್ಲಿ ನೋಡಿ, ಈ ಕೆಳಗಡೆ. ಇಲ್ಲಿ ಹಳದಿ ಇತ್ತು. ಒಳ್ಳೇ ಹಳದಿ, ಹುಚ್ಚೆಳ್ಳು ಹೂವಿಂದು. ಹಾಕ್ಬಿಟ್ಟು ಆಮೇಲೆ ಹೆದರ್ಕೊಂಡು ಅದ್ರ ಮೇಲೆ ಕಂದು ಒರೆಸಿದೀನಿ. ಯಾರೋ ಏನೋ ಅಂದಿರ್ಬೇಕು." ನೋಟ ಆ ಕಂದಿನ ಮೇಲೆ ಇನ್ನೊಮ್ಮೆ ಹಾದುಹೋಯಿತು. "ಛೇ. ಇಷ್ಟು ಗಟ್ಟಿ ಕೈ ಇಟ್ಕೊಂಡು ಯಾಕೆ ಹೆದರ್ದೆ ನಾನು?"

ಯಾವ ಮೇಷ್ಟ್ರೂ, ಯಾವ ಗೆಳತಿಯೂ, ಸರಳಾಳೇ ಕೂಡ ಆ ಚಿತ್ರದ ಬಗ್ಗೆ ಇಷ್ಟು ನಿಜವಾದ ಮಾತು ಆಡಿರಲಿಲ್ಲ.

"ಬೇಡ. ಇದನ್ನ ತೆಗ್ಸಿ," ಎಂದರು ರಾಧಾಮಣಿ. "ಪ್ರಿಂಟೂ ಬೇಡ, ಏನೂ ಬೇಡ. ಹೆದರಿ ಮಾಡಿದ್ದನ್ನ ಯಾರಿಗೂ ತೋರಿಸ್ಬಾರ್ದು."

"ಶೂರ್ ಮೇಡಂ. ಸರಳಾ, ನೋಟ್ ಮಾಡ್ಕೊಳ್ಳಿ, ಇದು ಔಟ್."

ಮುಗಿಯಿತು. ಇಷ್ಟು ದಿನ ಒತ್ತಲಾರದ ಕೀಯನ್ನು ಅವರೇ ಒತ್ತಿಸುತ್ತಿದ್ದಾರೆ. ಯಾರಿಗೂ ಗೊತ್ತಾಗುವುದಿಲ್ಲ. ಕೆಲಸ ಉಳಿಯಿತು, ಮಾನ ಉಳಿಯಿತು. ಆಯ್ತು ನಿರಂಜನ್ ಎಂದು ಎರಡು ಮಾತು ಹೇಳಿದರೆ ಸಾಕು. ಆದರೆ ಆ ಮಾತು ತನಗೆ ಬಂದದ್ದಲ್ಲವಲ್ಲ, ದಾರಿ ತಪ್ಪಿ ಬಂದದ್ದು, ಬೇರೊಬ್ಬರ ಮನೆಗೆ ಬಂದ ಊಟವನ್ನು ಬಾಗಿಲಲ್ಲೇ ನಿಂತು ತಿಂದ ಹಾಗೆ. ಅವರು 'ನಾನು' ಎಂದದ್ದನ್ನು ಒಂದೇ ಒಂದು ಸಲ 'ನೀನು' ಎಂದರೆ? ನೀನು ಯಾಕೆ ಹೆದರಿದೆ ಎಂದು ಈ ಕಡೆ ತಿರುಗಿ ಕೇಳಿದರೆ? ಅಷ್ಟು ಸಿಕ್ಕರೆ ಸಾಕು, ಅದಕ್ಕೆ ಏನು ಹೋದರೂ ಹೋಗಲಿ ಎಂದು ಅನ್ನಿಸುವಷ್ಟರಲ್ಲಿ ಅವಳ ಬಾಯಿ ಹೇಳಿಬಿಟ್ಟಿತ್ತು:

"ಅದು ನಿಮ್ಮದಲ್ಲ ಮೇಡಂ. ನಾನು ಮಾಡಿದ್ದು. ಕಾಲೇಜಲ್ಲಿದ್ದಾಗ."

ಕೆಳಗಿನ ಅಂಗಡಿಯಲ್ಲಿ ಬಟ್ಟೆ ಹರಿಯುವ ಸದ್ದು ಉದ್ದಕ್ಕೆ ಕೇಳಿತು. ನಿರಂಜನ ಅವಳ ಬೆನ್ನನ್ನು ನೋಡುತ್ತಿರುವುದು ಅವಳಿಗೆ ಗೊತ್ತಾಯಿತು. ಅವಳು ಮಾನಿಟರಿನಿಂದ ಕಣ್ಣು ತೆಗೆಯಲಿಲ್ಲ. ಚಿತ್ರ ಒಮ್ಮೆ ನಡುಗಿತು. ಒಳಗಿನ ನೋಟ ಹಳದಿಯನ್ನು ಬಿಟ್ಟು ಪಕ್ಕದ ಹೆಸರಿನ ಚೀಟಿಗೆ ಹೋಯಿತು. ಚೀಟಿ ಖಾಲಿಯಿತ್ತು. ಅಲ್ಲಿಂದ ಸೂರಿಗೆ ಹಾರಿತು.

"ಓ, ನಿಮ್ಮದಾ?" ಎಂದರು ರಾಧಾಮಣಿ. "ಚೆನ್ನಾಗಿದೆಯಮ್ಮಾ. ತುಂಬಾ ಚೆನ್ನಾಗಿದೆ. ಮಾಡ್ತಾ ಇರಿ."

"ಅಂಗಾದ್ರೆ ಕೇಳ್ದೆ ಕೇಳ್ದೆ ನಮ್ ಹೊಲುಕ್ಕೆ ನುಗ್ಗಿದ್ರಿ ಅನ್ನಿ!" ಎಂದು ಬಾಲರಾಜ ಗಟ್ಟಿಯಾಗಿ ನಕ್ಕ. ಅವನು ಒಳ್ಳೆಯ ಮನಸ್ಸಿನಿಂದಲೇ ನಕ್ಕದ್ದು. ನಿರಂಜನನೂ ನಕ್ಕ, ಹಲ್ಲು ಮಾತ್ರ. ಸರಳಾಳೂ ನಗಬೇಕಾಯಿತು.

ಹೆಡ್‌ಸೆಟ್ ತೆಗೆದಾಗ ರಾಧಾಮಣಿಯವರ ಕಣ್ಣಿನ ಸುತ್ತ ಅದರ ಅಂಚಿನ ಗುರುತು ಕೆಂಪಗೆ ಮೂಡಿತ್ತು. ಅವರು ಅವಳ ಕಡೆ ನೋಡಲಿಲ್ಲ. ಚಪ್ಪಲಿ ಮೆಟ್ಟಲು ಬಗ್ಗುವ ಮುಂಚೆ, ಕೈಚೀಲವನ್ನು ಪಕ್ಕದಲ್ಲಿ ಯಾರಿದ್ದಾರೆಂದು ನೋಡದೆಯೇ ಚಾಚಿದರು. ಪಕ್ಕದಲ್ಲಿದ್ದವಳು ಸರಳಾ. ಅವಳ ಕೈ ತಾನಾಗಿ ಮುಂದೆ ಹೋಗಿ ಅದನ್ನು ಹಿಡಿದುಕೊಂಡಿತು. ಬೇರೆ ಚೀಲ, ಭಾರ ಮಾತ್ರ ಅದೇ ಎನ್ನಿಸಿತು. ಬಾಲರಾಜ ಕಾರು ತೆಗೆಯಲು ಮುಂದೆ ಹೋಗಿದ್ದ. ಚೀಲ ಹಿಡಿದು ಅವಳು ಮೆಟ್ಟಿಲ ತನಕ ಹೋದಳು.

"ಮೇಡಂ, ಆ ಹಳದಿ ವಿಷ್ಯ ಹೇಳಿದ್ರಲ್ಲ..."

"ಅಯ್ಯೋ," ಎಂದು ರಾಧಾಮಣಿ ಅವಳ ಮೊಳಕೈ ಮುಟ್ಟಿದರು. ದನಿಯಲ್ಲಿ ನಿಜವಾದ ಕಕ್ಕುಲಾತಿಯಿತ್ತು. "ನಂದೇ ಅಂದ್ಕೊಂಡು ಏನೋ ಅಂದ್ಬಿಟ್ಟೆ. ಮನಸ್ಸಿಗೆ ಹಚ್ಕೋಬೇಡಿ." ಚೀಲ ತೆಗೆದುಕೊಂಡು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಹೋದರು. ಕೆಳಗೆ ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೂ ಸರಳಾ ಅಲ್ಲೇ ನಿಂತಿದ್ದಳು. ಹಚ್ಚಿಕೊಳ್ಳಬಾರದಂತೆ. ತುಂಬಾ ಚೆನ್ನಾಗಿದೆ ಎಂದು ಅವರು ಸುಳ್ಳು ಹೇಳಿದ್ದು ಮರ್ಯಾದೆಗಾಗಿ ಎಂಬುದು ಅವಳಿಗೆ ಗೊತ್ತಿತ್ತು. ಆ ಮರ್ಯಾದೆಯನ್ನು ಬಾಯಿಬಿಟ್ಟು ಕೇಳಿ ಪಡೆದವಳು ತಾನೇ ಎಂಬುದೂ ಗೊತ್ತಿತ್ತು.

"ಏನ್ ಸರಳಾ," ಎಂದ ನಿರಂಜನ, ಅವಳು ಒಳಗೆ ಬಂದಾಗ. "ಕ್ಲೈಂಟ್ ಗೋಡೆ ಮೇಲೆ ನಮ್ ಪೋರ್ಟ್‌ಫೋಲಿಯೋನಾ?"

"ಲೈಟ್ ಟೆಸ್ಟಿಗೆ ಹಾಕಿದ್ದೆ. ತೆಗೆಯೋದು ಮರ್ತೆ."

"ಮರ್ತಿದ್ರೆ ಮರ್ತಂಗೇ ಇರ್ಬೇಕಿತ್ತು. ಅವ್ರೇ ತೆಗ್ಸಿ ಅಂದ್ಮೇಲೆ ಬಾಯ್ಬಿಡೋದ್ಯಾಕೆ?" ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಈಗ್ಲೇ ತೆಗೀರಿ. ಊಟ ಆದ್ಮೇಲೆ ಫೈನಲ್ ಕಳಿಸ್ಬೇಕು."

ಅವಳು ಕೂತಳು. ಮೌಸಿನಿಂದ ಮುಟ್ಟಿದಳು. ಕೀ ಒತ್ತಿದಳು. ಬೆರಳಿಗೆ ಈ ಸಲ ಬೇರೆ ಯಾವ ಕೆಲಸವೂ ನೆನಪಾಗಲಿಲ್ಲ. ಗೋಡೆ ಬಿಳಿಯಾಯಿತು. ಸರಿಯಾಗಿ ಹೋಗಿದೆಯೇ ನೋಡಲು ಹೆಡ್‌ಸೆಟ್ ಕಟ್ಟಿಕೊಂಡಳು. ಕೊಬ್ಬರಿ ಎಣ್ಣೆಯ ವಾಸನೆ ಇನ್ನೂ ಪಟ್ಟಿಯಲ್ಲಿತ್ತು. ಗ್ಯಾಲರಿಯ ಉದ್ದಕ್ಕೂ ನಡೆದು ತುದಿಯ ಮೂಲೆಗೆ ತಿರುಗಿದಳು. ಗೋಡೆ ಖಾಲಿ. ಕೆಳಗೆ, ಬಿಳಿಯ ನೆಲದ ಮೇಲೆ, ಒಂದು ಹಳದಿ ಬೆಳಕು ಬಿದ್ದಿತ್ತು.

ಅವಳು ಮೊದಲು ಅರ್ಥವಾಗದೆ ಸೂರಿನ ದೀಪ ನೋಡಿದಳು. ಆಮೇಲೆ ಹೊಳೆಯಿತು. ಬೇಯಿಸುವಾಗ ಚಿತ್ರ ಅಲ್ಲಿತ್ತು. ದೀಪದ ಬೆಳಕು ಚಿತ್ರಕ್ಕೆ ತಾಗಿ, ಅದರ ಬಣ್ಣ ಹೊತ್ತು ನೆಲಕ್ಕೆ ಇಳಿದು, ಅಲ್ಲೇ ಬೆಂದು ಕೂತುಬಿಟ್ಟಿತ್ತು. ಚಿತ್ರ ತೆಗೆದರೂ ಅದು ಹೋಗಿರಲಿಲ್ಲ. ಅವಳು ಒರೆಸಿದ್ದ ಕಂದಿನ ಮಂಕೆಲ್ಲ ಗೋಡೆಯಲ್ಲೇ ಕಳೆದು, ಬೆಳಕು ತನ್ನ ಜೊತೆ ಹಳದಿಯನ್ನಷ್ಟೇ ಕೆಳಗೆ ತಂದ ಹಾಗಿತ್ತು. ತೆಳ್ಳಗೆ, ಅಂಚಿಲ್ಲದೆ, ಯಾರೋ ಆಚೆಯ ಕೋಣೆಯಲ್ಲಿ ದೀಪ ಹಚ್ಚಿಟ್ಟ ಹಾಗೆ.

"ನಿರಂಜನ್," ಎಂದಳು, ಹೆಡ್‌ಸೆಟ್ ತೆಗೆಯದೆ. "ನೆಲದ ಮೇಲೆ ಬಣ್ಣ ಉಳ್ಕೊಂಡಿದೆ. ಹೋಗ್ಬೇಕು ಅಂದ್ರೆ ಮತ್ತೆ ಪೂರ್ತಿ ಬೇಕ್ ಮಾಡ್ಬೇ‌ಕು."

"ಯಾರು ನೋಡ್ತಾರೆ ನೆಲಾನ? ಬಿಡಿ ಅತ್ಲಾಗೆ," ಎಂದಿತು ಅವನ ದನಿ, ಎಲ್ಲೋ ಹೊರಗಿನಿಂದ.

ಹೌದು, ಯಾರೂ ನೋಡುವುದಿಲ್ಲ. ಕ್ಲಬ್ ಹೌಸಿನಲ್ಲಿ ಈಜು ಮುಗಿಸಿ ಬಂದವರು ತಲೆ ಒರೆಸಿಕೊಳ್ಳುತ್ತ ಇದನ್ನು ಕಟ್ಟಿಕೊಂಡು, ಸೂರು ನೋಡಿ, ಆಹಾ ಎಂದು, ಈ ಬೆಳಕಿನ ಮೇಲೆ ನಡೆದು ಹೋಗುತ್ತಾರೆ. ಅವಳಿಗೆ ತುಂಬ ದಣಿವಾಗಿತ್ತು. ಆಚೆ ಕಿಟಕಿಯ ಚೌಕಟ್ಟು ಸರಿಯಿದೆಯೇ ಎಂದು ಇನ್ನೊಮ್ಮೆ ನೋಡಬೇಕಿತ್ತು, ಅದಕ್ಕೆ ಈ ಮೂಲೆಯನ್ನು ದಾಟಬೇಕಿತ್ತು. ಆ ಕೋಣೆಯಲ್ಲಿ ಅವಳಿಗೆ ಕಾಲುಗಳಿರಲಿಲ್ಲ; ಬಗ್ಗಿ ನೋಡಿಕೊಂಡರೆ ನೆಲವಷ್ಟೇ. ಆದರೂ ಹಳದಿಯ ಹತ್ತಿರ ಬಂದಾಗ ಅವಳು ನಿಂತಳು, ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ಹಿಡಿದಳು, ಅದನ್ನು ತುಳಿಯದೆ ಸುತ್ತಿಕೊಂಡು ಹೋದಳು.